ಮೇಷ್ಟ್ರು ಕಟ್ಟಿದ ತಂಡ
ನಮ್ಮಲ್ಲಿ ಫುಟ್‌ಬಾಲ್ ಪ್ರತಿಭೆಯೇ ಇಲ್ಲ ಅನ್ನೋರಿಗೆ ನಾನು ಸೈಯದ್ ಅಬ್ದುಲ್ ರಹೀಂ ಕಥೆ ಹೇಳ್ತೀನಿ. ಹೈದರಾಬಾದಿನ ಈ ಶಾಲಾ ಮೇಷ್ಟ್ರು ಡ್ರಿಬ್ಲಿಂಗ್ ಮಾಡುವಂತಿಲ್ಲ, ರೂಢಿಯಿಲ್ಲದ ಕಾಲಲ್ಲೇ ಒದೀಬೇಕು ಎಂಬಂಥ ನಿಯಮಗಳ ಟೂರ್ನಿ ನಡೆಸಿ ಹುಡುಗರನ್ನು ತಿದ್ದಿದರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ರೋವರ್ಸ್ ಕಪ್ ಗೆದ್ದಿತು. ಅವರ ತರಬೇತಿಯಲ್ಲೇ ಭಾರತಕ್ಕೆ 1951ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಸಿಕ್ಕವು.

1962ರ ಜಕಾರ್ತಾ ಫೈನಲ್‌ನಲ್ಲಿ, ತಲೆಗೆ ಪೆಟ್ಟಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಫಾರ್ವರ್ಡ್ ಆಗಿ ಆಡಿಸಿದರು. ಅವರೂ ಗೋಲು ಹೊಡೆದರು. ದಕ್ಷಿಣ ಕೊರಿಯಾ 2-1ರಲ್ಲಿ ಸೋತಿತು. ಕ್ಯಾನ್ಸರ್‌ನಿಂದ ರಹೀಂ 1963ರಲ್ಲಿ ತೀರಿಕೊಂಡರು. ಆ ಚಿನ್ನ ಮತ್ತೆ ಬಂದಿಲ್ಲ. ಲೀಗ್‌ಗೆ ಕೋಟಿ ಸುರಿಯೋ ಮೊದಲು ಶಾಲೆಗಳಿಗೆ ಮೈದಾನ, ಮೈದಾನಗಳಿಗೆ ಇಂಥ ಮೇಷ್ಟ್ರು ಕೊಡಿ ಅಂತೀನಿ.