ಡಾಕ್ಟರ್ ಓದು ಎಷ್ಟು ವರ್ಷ ಇರಬೇಕು? ತೀರ್ಥಹಳ್ಳಿಯ ಡಾ. ಅನುಪಮಾ ನಿರಂಜನ ಬದುಕಲ್ಲಿದೆ ಉತ್ತರ

ಗೋವಿನಕೋವಿ: ಜ್ವರ ಬಂದ್ರೂ, ಮಗು ರಾತ್ರಿಯಿಡೀ ಅತ್ರೂ, ಬಿಪಿ ಏರಿದ್ರೂ ನಾವು ಮೊದಲು ಹೋಗೋದು ಫ್ಯಾಮಿಲಿ ಡಾಕ್ಟರ್ ಹತ್ರ. ಅವರ ತರಬೇತಿಯನ್ನು ಇನ್ನೂ ಉದ್ದ ಮಾಡಬೇಕಾ ಅನ್ನೋ ಚರ್ಚೆ ಹಲವು ಕಡೆ ನಡೆದಿದೆ. ಕೆನಡಾದಲ್ಲಿ 2 ವರ್ಷದ ತರಬೇತಿಯನ್ನು 3ಕ್ಕೆ ಏರಿಸಲು ಹೊರಟು, ವೈದ್ಯರೇ ವಿರೋಧಿಸಿದ್ದಕ್ಕೆ 2023ರಲ್ಲಿ ಕೈಬಿಟ್ಟರು. ನಮ್ಮಲ್ಲಿ ಎಂ.ಬಿ.ಬಿ.ಎಸ್.ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಫ್ಯಾಮಿಲಿ ಮೆಡಿಸಿನ್ ಓದಿದರೆ ಮತ್ತೆ 3 ವರ್ಷ.

ಈ ಪ್ರಶ್ನೆ ಬಂದಾಗ ನೆನೆಯಬೇಕಾದವರು ಡಾ. ಅನುಪಮಾ ನಿರಂಜನ. ನಮಗೇನೂ ದೂರದವರಲ್ಲ. ಹುಟ್ಟಿದ್ದು 1934ರಲ್ಲಿ ತೀರ್ಥಹಳ್ಳಿಯಲ್ಲಿ. 1997ರವರೆಗೆ ನಮ್ಮ ಹೊನ್ನಾಳಿಯೂ ಅದೇ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ತೀರ್ಥಹಳ್ಳಿ ದಾಟಿದ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ನಮ್ಮ ಕಡೆಗೆ ಬರೋದು.

ಹೆತ್ತವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಹೆಣ್ಣುಮಕ್ಕಳು ಡಾಕ್ಟರ್ ಓದೋದೇ ಅಪರೂಪವಾಗಿದ್ದ ಕಾಲದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದರು. ಸಾಹಿತಿ ನಿರಂಜನರನ್ನು ಮದುವೆಯಾದರು. ಧಾರವಾಡ, ಬೆಂಗಳೂರಲ್ಲಿ ವೈದ್ಯ ವೃತ್ತಿ ನಡೆಸಿದರು. ಕ್ಲಿನಿಕ್ಕು, ಇಬ್ಬರು ಹೆಣ್ಣುಮಕ್ಕಳು, ಬರವಣಿಗೆ, ಎಲ್ಲ ಒಟ್ಟಿಗೇ.

ಅವರ ಕೆಲಸ ಕ್ಲಿನಿಕ್ಕಿಗೇ ಮುಗೀಲಿಲ್ಲ. ಬಸುರಿ, ಬಾಣಂತಿಯರಿಗೆ ‘ತಾಯಿ-ಮಗು’ ಬರೆದರು. ಮದುವೆಯಾಗೋ ಹುಡುಗಿಗೆ ‘ವಧುವಿಗೆ ಕಿವಿಮಾತು’, ದೊಡ್ಡವಳಾಗ್ತಿರೋ ಹುಡುಗಿಗೆ ‘ಕೇಳು ಕಿಶೋರಿ’. ಮುಟ್ಟು, ಬಸಿರು, ದಾಂಪತ್ಯದ ವಿಷಯ ಮನೆಯಲ್ಲಿ ತಾಯಿಯೂ ಬಾಯಿಬಿಟ್ಟು ಹೇಳದಿದ್ದ ಕಾಲ ಅದು. ಅದನ್ನ ತಿಳಿಗನ್ನಡದಲ್ಲಿ ಮುಜುಗರವಿಲ್ಲದೆ ಬಿಡಿಸಿ ಹೇಳಿದರು. ಮಕ್ಕಳಿಗೆ ‘ದಿನಕ್ಕೊಂದು ಕಥೆ’ ಕೊಟ್ಟರು. ಅವರ ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ಸಿನಿಮಾ ಮಾಡಿದರು.

ಪಾರ್ಶ್ವವಾಯು ಬಡಿದ ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡರು. ತಮಗೇ ಕ್ಯಾನ್ಸರ್ ಬಂತು. ಕಾಯಿಲೆ ಮುಚ್ಚಿಡೋ ಸಮಾಜದಲ್ಲಿ ಅವರು ಅದನ್ನೂ ಬರೆದರು. 1991ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ವಯಸ್ಸು 56.

ಇಂಥ ವೈದ್ಯರನ್ನು ಬರೀ ಕಾಲೇಜಿನ ವರ್ಷಗಳು ತಯಾರು ಮಾಡಲ್ಲ. ರೋಗಿಯ ಮನೆ, ಮಾತು, ನಾಚಿಕೆ, ಕಿಸೆ ಎಲ್ಲ ಗೊತ್ತಿರಬೇಕು. ತರಬೇತಿಗೆ ಇನ್ನೊಂದು ವರ್ಷ ಸೇರಿಸಿ ಅದನ್ನೂ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲೇ ಕಳೆದರೆ ನ್ಯಾಮತಿ, ಹೊನ್ನಾಳಿಗೆ ಏನು ಸಿಕ್ಕಂಗಾಯ್ತು? ಡಾಕ್ಟರ್ ಬರೋದು ಒಂದು ವರ್ಷ ತಡ ಆಗುತ್ತೆ, ಅಷ್ಟೇ. ಅದೇ ವರ್ಷವನ್ನ ತಾಲ್ಲೂಕು ಆಸ್ಪತ್ರೆಯಲ್ಲಿ, ಹಳ್ಳಿಯ ಪಿಎಚ್‌ಸಿಯಲ್ಲಿ, ಹಿರಿಯ ವೈದ್ಯರ ಪಕ್ಕ ಕೂತು ಕಳೆಯೋದಾದ್ರೆ ಸೇರಿಸಲಿ. ಅನುಪಮಾ ಅವರ ಬದುಕು ನೋಡಿದರೆ, ವರ್ಷ ಎಷ್ಟು ಅನ್ನೋದಕ್ಕಿಂತ ಅದನ್ನ ಯಾರ ನಡುವೆ ಕಳೆದರು ಅನ್ನೋದೇ ದೊಡ್ಡದು ಅನಿಸುತ್ತೆ.