ದನಿ ಒಡೆದರೆ ಹಾಡು ಮುಗಿಯಿತೇ? ಸವಾಯಿ ಗಂಧರ್ವರ ಬದುಕು ಹೇಳುವುದೇ ಬೇರೆ

ದಂಡಿನಶಿವರದ ಸುತ್ತಮುತ್ತಲ ಊರುಗಳಲ್ಲಿ ಹಬ್ಬ, ಜಾತ್ರೆ ಬಂದರೆ ಪೌರಾಣಿಕ ನಾಟಕ ಇರಬೇಕು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುತ್ತಾರೆ. ಅಲ್ಲಿ ಚೆನ್ನಾಗಿ ಹಾಡುತ್ತಿದ್ದ ಹುಡುಗನಿಗೆ ಹದಿಮೂರು-ಹದಿನಾಲ್ಕು ತುಂಬಿ ದನಿ ಒಡೆಯಿತೆಂದರೆ, ಅವನ ಗಂಟಲು ಕೆಟ್ಟಿತು ಎಂದು ದೊಡ್ಡವರೇ ತೀರ್ಮಾನಿಸಿಬಿಡುತ್ತಾರೆ. ಹುಡುಗ ನಾಚಿಕೊಂಡು ಹಾಡುವುದನ್ನೇ ಬಿಡುತ್ತಾನೆ. ಇನ್ನೊಂದು ಕಡೆ, ಅತಿಮಧುರ ಅಗಿದರೆ, ಹಸಿ ಮೊಟ್ಟೆ ಕುಡಿದರೆ ಹಳೆಯ ದನಿ ವಾಪಸ್ ಬರುತ್ತದೆ ಎನ್ನುವ ಮಾತುಗಳು. ಇದರಲ್ಲಿ ನಿಜ ಎಷ್ಟು? ಇದೇ ಕಷ್ಟವನ್ನು ದಾಟಿ ಬಂದ ಒಬ್ಬ ದೊಡ್ಡ ಗಾಯಕರ ಬದುಕನ್ನು ನೋಡೋಣ.

ರಾಮಚಂದ್ರ ಕುಂದಗೋಳಕರ ಹುಟ್ಟಿದ್ದು 1886ರ ಜನವರಿ 19ರಂದು, ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ. ತಂದೆ ಅಲ್ಲಿನ ನಾಡಿಗೇರ ಮನೆತನದಲ್ಲಿ ಗುಮಾಸ್ತರು. ಬಾಲಕ ರಾಮಚಂದ್ರನ ಕಂಠ ಇಂಪಾಗಿತ್ತು, ಹೇಳಿದಂತೆ ಬಳುಕುತ್ತಿತ್ತು. ಹರೆಯ ಬಂದಾಗ ಅದೇ ಕಂಠ ಒರಟಾಯಿತು, ಮಾತು ಕೇಳದಾಯಿತು.

ಆಗ ಅವರ ಗಂಟಲಲ್ಲಿ ಏನಾಗಿತ್ತು? ನಮ್ಮ ದನಿ ಹುಟ್ಟುವುದು ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿ ತಂತುಗಳ ಕಂಪನದಿಂದ. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನ್ ಏರಿದಾಗ ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ದಪ್ಪ ತಂತಿ ನಿಧಾನವಾಗಿ ಕಂಪಿಸುತ್ತದೆ. ಹಾಗಾಗಿ ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರಲ್ಲೂ ಬದಲಾವಣೆ ಆಗುತ್ತದೆ, ಆದರೆ ಕಡಿಮೆ. ಹಳೆಯ ಅಳತೆಗೆ ಒಗ್ಗಿಕೊಂಡ ಮಿದುಳು ಮತ್ತು ಸ್ನಾಯುಗಳು ಹೊಸ ಅಳತೆಯನ್ನು ಕಲಿಯುವವರೆಗೆ ದನಿ ಎಡವುತ್ತದೆ. ಇದು ರೋಗವಲ್ಲ, ಬೆಳವಣಿಗೆ.

ರಾಮಚಂದ್ರರಿಗೆ ಸಿಕ್ಕ ಗುರು ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಶಿಷ್ಯ ಎಂಟು ವರ್ಷ ಜೊತೆಗಿದ್ದು ಕಲಿಯಬೇಕೆಂಬುದು ಅವರ ಷರತ್ತು. ಬರೀ ಸ್ವರ ಸಾಧನೆಯೇ ಗಂಟೆಗಟ್ಟಲೆ ನಡೆಯುತ್ತಿತ್ತು. ಬಾಲ್ಯದ ಕಂಠ ಮರಳಿ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಬದಲಿಗೆ, ಬಂದ ಕಂಠವನ್ನೇ ಪಳಗಿಸಿಕೊಂಡರು. ಮುಂದೆ ಕಛೇರಿಗಳಲ್ಲೂ ಅವರ ದನಿ ಕಾವೇರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಒಮ್ಮೆ ಹದಕ್ಕೆ ಬಂದರೆ ಕೇಳುಗರು ಕದಲುತ್ತಿರಲಿಲ್ಲ.

ಗುರುವಿಗೆ ಇಷ್ಟವಿಲ್ಲದಿದ್ದರೂ ಅವರು ಮರಾಠಿ ನಾಟಕ ಕಂಪನಿ ಸೇರಿದರು. ಅಲ್ಲಿ ಹೆಸರಾದದ್ದು ಸ್ತ್ರೀ ಪಾತ್ರಗಳಿಂದ! ಗಂಡಸಿನ ಧ್ವನಿ ತಂತುಗಳನ್ನು ಎಳೆದು ತೆಳುವಾಗಿಸಿದರೆ ಎತ್ತರದ ಸ್ವರವೂ ಹೊರಡುತ್ತದೆ. ಆ ಸ್ನಾಯುಗಳ ಮೇಲೆ ಹಿಡಿತ ಬರುವುದು ಅಭ್ಯಾಸದಿಂದ. ಆ ಕಾಲದ ರಂಗಭೂಮಿಯ ದೊಡ್ಡ ಹೆಸರು ಬಾಲಗಂಧರ್ವ. ಅವರಿಗಿಂತ ಒಂದು ಕಾಲು ಪಾಲು ಹೆಚ್ಚು ಎಂಬ ಅರ್ಥದಲ್ಲಿ ರಾಮಚಂದ್ರರಿಗೆ ಸವಾಯಿ ಗಂಧರ್ವ ಎಂಬ ಬಿರುದು ಬಂತು. ದನಿ ಒಡೆದಿದ್ದ ಹುಡುಗನಿಗೆ ಸಿಕ್ಕ ಬಿರುದು ಇದು.

1942ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಕಛೇರಿಗಳು ನಿಂತವು. ಹಾಡಲು ಗಂಟಲಷ್ಟೇ ಸಾಲದು, ಅದನ್ನು ನಡೆಸುವ ಮಿದುಳು, ನರ, ಉಸಿರು ಎಲ್ಲವೂ ಬೇಕು. ಆದರೆ ಅವರ ವಿದ್ಯೆ ಶಿಷ್ಯರಲ್ಲಿ ಉಳಿಯಿತು. ಅವರು 1952ರ ಸೆಪ್ಟೆಂಬರ್ 12ರಂದು ತೀರಿಕೊಂಡರು. ಮರುವರ್ಷ ಶಿಷ್ಯ ಭೀಮಸೇನ ಜೋಶಿ ಗುರುವಿನ ಹೆಸರಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಅದು ಈಗಲೂ ನಡೆಯುತ್ತಿದೆ.

ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅವರ ಬಳಿ ಕಲಿತ ಗಂಗೂಬಾಯಿ ಹಾನಗಲ್ ಅವರದೂ ಇಂಥದೇ ಕಥೆ. ಗಂಟಲಿನ ಚಿಕಿತ್ಸೆಯ ನಂತರ ಅವರ ತೆಳು ದನಿ ಗಂಡುದನಿಯಂತೆ ಗಡುಸಾಯಿತು. ಅವರು ಅದನ್ನೇ ತಮ್ಮ ಗುರುತಾಗಿಸಿಕೊಂಡು 2006ರಲ್ಲಿ, 93ನೇ ವಯಸ್ಸಿನಲ್ಲೂ ವೇದಿಕೆಯಲ್ಲಿ ಹಾಡಿದರು.

ವಯಸ್ಸಾದಂತೆ ಎಲ್ಲರ ದನಿಯೂ ಮತ್ತೊಮ್ಮೆ ಬದಲಾಗುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಟ್ಟಿಯಾಗುತ್ತದೆ, ತಂತುಗಳ ಸ್ನಾಯು ಸೊರಗುತ್ತದೆ, ಉಸಿರಿನ ಬಲ ತಗ್ಗುತ್ತದೆ. ಗಂಡಸರ ದನಿ ಸ್ವಲ್ಪ ತೆಳುವಾಗಿ ಏರಬಹುದು, ಮುಟ್ಟು ನಿಂತ ನಂತರ ಹೆಂಗಸರ ದನಿ ಸ್ವಲ್ಪ ಇಳಿಯಬಹುದು. ದಿನವೂ ಮಾತಾಡುವ, ಹಾಡುವ ಅಭ್ಯಾಸ ದನಿಗೆ ಒಳ್ಳೆಯದು.

ಇನ್ನು ಅತಿಮಧುರ, ಹಸಿ ಮೊಟ್ಟೆಯ ವಿಷಯ. ನಾವು ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿ ತಂತುಗಳಿರುವುದು ಗಾಳಿ ಹೋಗುವ ದಾರಿಯಲ್ಲಿ. ನುಂಗಿದ್ದು ಅವುಗಳಿಗೆ ತಾಗುವುದೇ ಇಲ್ಲ, ತಾಗಿದರೆ ಕೆಮ್ಮು ಬರುತ್ತದೆ. ಅತಿಮಧುರದಿಂದ ಗಂಟಲಿಗೆ ಹಿತ ಅನಿಸಬಹುದು, ಬೆಳೆದ ತಂತು ಚಿಕ್ಕದಾಗುವುದಿಲ್ಲ. ಹಸಿ ಮೊಟ್ಟೆಯಿಂದ ಹೊಟ್ಟೆ ಕೆಡುವ ಅಪಾಯ ಬೇರೆ ಇದೆ.

ಒಂದು ಎಚ್ಚರಿಕೆ: ಹರೆಯ ದಾಟಿದವರಲ್ಲಿ ಶೀತ-ಕೆಮ್ಮು ಇಲ್ಲದೆಯೂ ದನಿ ಗೊಗ್ಗರಾಗಿ ಮೂರು ವಾರವಾದರೂ ಸರಿಹೋಗದಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ಬೀಡಿ, ಸಿಗರೇಟು ಸೇದುವವರಂತೂ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬೇಗ ಗೊತ್ತಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ ದನಿ ಒಡೆಯುತ್ತಿರುವ ಹುಡುಗನಿದ್ದರೆ ನಗಬೇಡಿ, ಹಾಡು ಬಿಡಿಸಬೇಡಿ. ಕಿರುಚದೆ, ಶ್ರುತಿ ಇಳಿಸಿ ಹಾಡಲಿ. ಕೆಲವು ತಿಂಗಳು ಕಾಯಿರಿ. ಮುಂದಿನ ಸಲ ಹಸಿ ಮೊಟ್ಟೆಯ ಮೆಸೇಜ್ ಬಂದರೆ, ಅದನ್ನು ಬಿಟ್ಟು ಇದನ್ನು ಕಳಿಸಿ.