ದ್ರಾಕ್ಷಿಯ ದಾರಿಯನ್ನು ಮೊಟಕುಗೊಳಿಸಿದ ಡಾ. ಮರೀಗೌಡ

ಲಾಲ್‌ಬಾಗ್ ಕಡೆಯಿಂದ ಡೇರಿ ವೃತ್ತದ ಮೂಲಕ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಯತ್ತ ಸಾಗುವ ಸಾವಿರಾರು ಉದ್ಯೋಗಿಗಳು ದಿನವೂ ಡಾ. ಎಂ.ಎಚ್. ಮರೀಗೌಡ ರಸ್ತೆಯನ್ನು ಹಾದು ಹೋಗುತ್ತಾರೆ. ಫಲಪುಷ್ಪ ಪ್ರದರ್ಶನದ ನೆಪದಲ್ಲಿ ಈ ಹೆಸರು ಕೆಲವರಿಗಾದರೂ ಗೊತ್ತು. ಆದರೆ ಮರೀಗೌಡರ ದೊಡ್ಡ ಸಾಧನೆ ಹೂವಿನದಲ್ಲ, ಕೊಳೆತು ಹೋಗುತ್ತಿದ್ದ ಹಣ್ಣಿನದು ಎಂಬುದು ಈ ಲೇಖಕನ ಅಭಿಪ್ರಾಯ.

1916ರಲ್ಲಿ ಮೈಸೂರು ಜಿಲ್ಲೆಯ ರೈತ ನಾಡಿನಲ್ಲಿ ಜನಿಸಿದ ಅವರು ಲಖನೌದಲ್ಲಿ ಸಸ್ಯಶಾಸ್ತ್ರ ಓದಿ, 1942ರಲ್ಲಿ ಲಾಲ್‌ಬಾಗ್ ಸೇವೆಗೆ ಸೇರಿದರು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದು, 1951ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಗಳಿಸಿ ತಾಯ್ನಾಡಿಗೆ ಮರಳಿದರು. 1963ರಿಂದ 1974ರವರೆಗೆ ತೋಟಗಾರಿಕೆ ನಿರ್ದೇಶಕರಾಗಿದ್ದರು.

ಆಗ ಬೆಂಗಳೂರಿನ ಸುತ್ತ 'ಬೆಂಗಳೂರು ನೀಲಿ' ದ್ರಾಕ್ಷಿ ಬೆಳೆ ಹಬ್ಬುತ್ತಿತ್ತು. ಬಳ್ಳಿಯಿಂದ ಇಳಿದ ಗೊಂಚಲು ಗಾಡಿಗೆ, ಮಂಡಿಗೆ, ದಲ್ಲಾಳಿಗೆ, ಸಗಟು ವ್ಯಾಪಾರಿಗೆ, ಕೊನೆಗೆ ತಳ್ಳುಗಾಡಿಗೆ. ಪ್ರತಿ ಇಳಿಸು-ಏರಿಸಿಗೂ ಒಂದಿಷ್ಟು ಹಣ್ಣು ಉದುರುತ್ತದೆ. ಪ್ರತಿ ಕಾಯುವಿಕೆಗೂ ಒಂದಿಷ್ಟು ಕೊಳೆಯುತ್ತದೆ. ಎಲ್ಲರ ಫಸಲೂ ಒಂದೇ ವಾರ ಬಂದರೆ ಬೆಲೆಯೂ ನೆಲ ಕಚ್ಚುತ್ತದೆ. ನಷ್ಟವೆಲ್ಲ ರೈತನಿಗೆ. ಇಂದು ಪೀಣ್ಯದ ಕಾರ್ಖಾನೆಗಳಲ್ಲಿ ಸರಕಿನ ಪಯಣವನ್ನು ಹಂತ ಹಂತವಾಗಿ ನಕ್ಷೆ ಬರೆದು, ವ್ಯರ್ಥವಾಗುವ ಜಾಗ ಗುರುತಿಸುವ ಪದ್ಧತಿಗೆ ಪ್ರೋಸೆಸ್ ಮ್ಯಾಪಿಂಗ್ ಎನ್ನುತ್ತಾರೆ. ಮರೀಗೌಡರ ಕಾಲದಲ್ಲಿ ಆ ಪದ ಇಲ್ಲಿ ಬಳಕೆಯಲ್ಲಿರಲಿಲ್ಲ. ಕೆಲಸ ಮಾತ್ರ ಅದೇ.

ಅವರ ಪ್ರಯತ್ನದಿಂದ 1959ರಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘ ಹುಟ್ಟಿತು. ನಡುವಿನ ಹಂತಗಳು ಕಳಚಿದವು. ರೈತ ತಂದದ್ದನ್ನು ಸಂಘವೇ ತೂಗಿ, ವಿಂಗಡಿಸಿ, ತನ್ನದೇ ಮಳಿಗೆಯಲ್ಲಿ ಮಾರುವ ವ್ಯವಸ್ಥೆ ಬೆಳೆಯಿತು. ಹೆಸರಿನಲ್ಲಿರುವ 'ಸಂಸ್ಕರಣಾ' ಎಂಬ ಪದವನ್ನು ಗಮನಿಸಬೇಕು: ತಾಜಾ ಮಾರಾಟವಾಗದ ಹಣ್ಣಿಗೂ ತಿಪ್ಪೆಯ ಬದಲು ಬೇರೊಂದು ದಾರಿ ಮೊದಲೇ ಯೋಚಿತವಾಗಿತ್ತು. 1960ರ ದಶಕದಲ್ಲಿ ಇತರ ಹಣ್ಣು, ತರಕಾರಿಗಳೂ ಸೇರಿಕೊಂಡವು. 1983ರಲ್ಲಿ ಅದಕ್ಕೆ ಹಾಪ್‌ಕಾಮ್ಸ್ ಎಂಬ ಹೆಸರಾಯಿತು.

ಮಾದರಿ ದೋಷರಹಿತವೇನಲ್ಲ. ಸಂಜೆಯಾದರೂ ಮಾರಾಟವಾಗದ ಸೊಪ್ಪು ಹಾಪ್‌ಕಾಮ್ಸ್ ಮಳಿಗೆಯಲ್ಲೂ ಬಾಡುತ್ತದೆ. ಸೂಪರ್ ಮಾರ್ಕೆಟ್‌ಗಳ ಪೈಪೋಟಿಯೂ ಅದನ್ನು ಹಣಿದಿದೆ. ಆದರೆ ಕಟ್ಟಡ ಕಟ್ಟಿದ ಮಾತ್ರಕ್ಕೆ ದಾರಿ ಸುಗಮವಾಗುವುದಿಲ್ಲ ಎಂಬುದಕ್ಕೆ ವೈಟ್‌ಫೀಲ್ಡ್ ಬಳಿಯ ಕನ್ನಮಂಗಲ ಸಾಕ್ಷಿ. 2000ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ಅಲ್ಲಿ ಶೀತಲಗೃಹ, ಹರಾಜು ಕಟ್ಟೆಗಳುಳ್ಳ ಸಫಲ್ ಮಾರುಕಟ್ಟೆ ನಿರ್ಮಿಸಿತು. ನಿರೀಕ್ಷಿಸಿದಷ್ಟು ಸರಕು ಬರಲಿಲ್ಲ. ಹಳೆಯ ಮಂಡಿಗಳ ಒಡನಾಟವನ್ನು ರೈತರು ಅಷ್ಟು ಸುಲಭವಾಗಿ ಬಿಡುವವರಲ್ಲ. ಮರೀಗೌಡರ ಸಂಘದಲ್ಲಿ ರೈತರೇ ಸದಸ್ಯರು. ವ್ಯತ್ಯಾಸ ಇದ್ದದ್ದು ಅಲ್ಲಿ.

ಮರೀಗೌಡರು 1992ರಲ್ಲಿ ನಿಧನರಾದರು. ಲಾಲ್‌ಬಾಗ್‌ನಲ್ಲಿ ಅವರ ಹೆಸರಿನ ಸ್ಮಾರಕ ಭವನವಿದೆ. ಹಾಪ್‌ಕಾಮ್ಸ್ ಪ್ರಧಾನ ಕಚೇರಿಯೂ ಅದೇ ಆವರಣದಲ್ಲಿದೆ.